ನೀಲಿ ಡಬ್ಬದೊಳಗಿನ ಸೂಜಿ

ಸೋಮವಾರ ರಾತ್ರಿ ಊಟವಾದ ಮೇಲೆ ನಮ್ಮ ಮನೆಯಲ್ಲಿ ಒಂದೇ ಪ್ರಶ್ನೆ: "ಡಬ್ಬ ಹೊರಗಿಟ್ರಾ?" ಕ್ಯಾಲಿಫೋರ್ನಿಯಾದ ಬೇ ಏರಿಯಾಗೆ ಬಂದ ಮೇಲೆ ನಾನು ಕಲಿತ ವಿದ್ಯೆಗಳಲ್ಲಿ ಇದೂ ಒಂದು. ಗಾಲಿಗಳು ಮನೆಯ ಕಡೆ ಇರಬೇಕು, ಮುಚ್ಚಳ ಪೂರ್ತಿ ಮುಚ್ಚಿರಬೇಕು, ಡಬ್ಬಗಳ ನಡುವೆ ಎರಡು-ಮೂರು ಅಡಿ ಜಾಗ ಬಿಡಬೇಕು. ಲಾರಿಯ ಯಂತ್ರದ ಕೈ ಒಂದೊಂದನ್ನೇ ಹಿಡಿದು ಎತ್ತಬೇಕಲ್ಲ! ಲಾರಿ ಹೋದ ಮೇಲೆ ಸಂಜೆಯೊಳಗೆ ಅವು ಬೇಲಿಯ ಹಿಂದೆ ಸೇರಬೇಕು. ಇಷ್ಟು ಮಡಿಯನ್ನು ನಾನು ದೇವರ ಮನೆಯಲ್ಲೂ ಪಾಲಿಸಿಲ್ಲ.

ಆದರೂ ಕಳೆದ ವರ್ಷ ನನಗೆ ಪಾಠವಾಯಿತು. ಬೆಂಗಳೂರಿನಿಂದ ಅಮ್ಮ ಬಂದಿದ್ದರು. ದಿನಕ್ಕೆರಡು ಬಾರಿ ಇನ್ಸುಲಿನ್. ಬಳಸಿದ ಸೂಜಿಗಳನ್ನು ಖಾಲಿ ಹಾಲಿನ ಕ್ಯಾನಿಗೆ ತುಂಬಿಸಿ ರೀಸೈಕ್ಲಿಂಗ್‌ನ ನೀಲಿ ಡಬ್ಬಕ್ಕೆ ಹಾಕುತ್ತಿದ್ದೆ. ಪ್ಲಾಸ್ಟಿಕ್ ತಾನೆ, ಎಂದುಕೊಂಡು! ಒಂದು ಸಂಜೆ ಅಮ್ಮ ನೋಡಿದರು.

"ಅಲ್ವೋ, ಸೂಜೀನ ಒಣ ಕಸಕ್ಕೆ ಹಾಕ್ತಾರಾ? ಆರಿಸೋರ ಕೈಗೆ ಚುಚ್ಚಲ್ವೇನೋ? ನೀನೇ ಡಾಕ್ಟ್ರು!"

ಹೈಕೋರ್ಟಿನ 2015ರ ಆದೇಶದ ನಂತರ ಬೆಂಗಳೂರಿನಲ್ಲಿ 'ಎರಡು ಡಬ್ಬ, ಒಂದು ಚೀಲ' ರೂಢಿಸಿಕೊಂಡವರು ಅವರು. ನನ್ನ ಬಳಿ ಉತ್ತರವಿರಲಿಲ್ಲ. ಟಾರ್ಚ್ ಹಿಡಿದು ಹೋಗಿ ಆ ಕ್ಯಾನನ್ನು ಹೊರತೆಗೆದೆ. ಹಿಂದಿನ ತಿಂಗಳಿನದು ಆಗಲೇ ಹೋಗಿಬಿಟ್ಟಿತ್ತು.

ಆ ರಾತ್ರಿ ನಿದ್ದೆ ಬರಲಿಲ್ಲ. ಎಂ.ಡಿ. ಓದುವಾಗ ರೋಗಿಯೊಬ್ಬರ ಸೂಜಿ ನನ್ನ ಬೆರಳಿಗೆ ಚುಚ್ಚಿತ್ತು. ಕೊನೆಯ ರಕ್ತಪರೀಕ್ಷೆ ಮುಗಿಯುವವರೆಗೆ ಆರು ತಿಂಗಳು ಮನೆಯಲ್ಲಿ ಯಾರಿಗೂ ಹೇಳದೆ ನಡುಗಿದ್ದೆ. ಲಾರಿಯೊಳಗೆ ಒತ್ತಿದಾಗ ಕ್ಯಾನು ಒಡೆಯುತ್ತದೆ. ಮುಂದೆ ಸಾಗುವ ಬೆಲ್ಟಿನ ಪಕ್ಕದಲ್ಲಿ ನಿಂತು ಮನುಷ್ಯರೇ ಕೈಯಿಂದ ಕಸ ಆರಿಸುತ್ತಾರೆ. ಅವರಲ್ಲಿ ಯಾರಿಗಾದರೂ ನಾನು ಅಂಥ ಆರು ತಿಂಗಳು ಕೊಟ್ಟೆನೇ? ಎಂದಿಗೂ ತಿಳಿಯುವುದಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ 2008ರ ಸೆಪ್ಟೆಂಬರ್ 1ರಿಂದ ಮನೆಯಲ್ಲಿ ಬಳಸಿದ ಸೂಜಿಗಳನ್ನು ಯಾವ ಡಬ್ಬಕ್ಕೂ, ಕಪ್ಪು ಡಬ್ಬಕ್ಕೂ, ಹಾಕುವಂತಿಲ್ಲ. ಔಷಧಿ ಅಂಗಡಿಯಲ್ಲಿ ಸೂಜಿಗೆಂದೇ ಗಟ್ಟಿ ಡಬ್ಬಿ ಸಿಗುತ್ತದೆ. ಮುಕ್ಕಾಲು ತುಂಬಿದಾಗ ಮುಚ್ಚಿ, ಕೌಂಟಿಯ ಅಪಾಯಕಾರಿ ತ್ಯಾಜ್ಯ ಕೇಂದ್ರಕ್ಕೆ ಕೊಡಬೇಕು. ಅಂಚೆಯಲ್ಲಿ ಹಿಂತಿರುಗಿಸುವ ಡಬ್ಬಿಗಳೂ ಇವೆ. ಬೇರೆ ರಾಜ್ಯದವರು ತಮ್ಮ ಊರಿನ ನಿಯಮ ಕೇಳಿಕೊಳ್ಳಿ. ನಮ್ಮ ಮನೆಗಳಿಗೆ ಸಕ್ಕರೆ ಕಾಯಿಲೆಯ ಅಪ್ಪ-ಅಮ್ಮ ಬರುತ್ತಲೇ ಇರುತ್ತಾರೆ. ಟಿಕೆಟ್, ಇನ್ಶೂರೆನ್ಸ್ ಜೊತೆಗೆ ಈ ಡಬ್ಬಿಯೂ ನಿಮ್ಮ ಪಟ್ಟಿಯಲ್ಲಿರಲಿ. ಹಳೆಯ ಲಿಥಿಯಂ ಬ್ಯಾಟರಿಗಳನ್ನೂ ಡಬ್ಬಕ್ಕೆ ಎಸೆಯಬೇಡಿ. ಲಾರಿಯಲ್ಲಿ ಜಜ್ಜಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ.

ಹಬ್ಬದ ಬಾಳೆ ಎಲೆ, ಹೂವು, ಮಿಕ್ಕ ಅನ್ನ? ಅವೆಲ್ಲ ಹಸಿರು ಡಬ್ಬಕ್ಕೆ, ದಾರ ಮತ್ತು ತಂತಿ ಬಿಡಿಸಿ. 2022ರಿಂದ ರಾಜ್ಯದ ಕಾನೂನೂ ಅದನ್ನೇ ಹೇಳುತ್ತದೆ.

ಅಮ್ಮ ಈಗ ಬೆಂಗಳೂರಿಗೆ ಮರಳಿದ್ದಾರೆ. ಫೋನಿನಲ್ಲಿ ನಾನು ಅವರ ಶುಗರ್ ಕೇಳುತ್ತೇನೆ. ಅವರು ಕೇಳುತ್ತಾರೆ: "ಡಬ್ಬ ಸರಿಯಾಗಿ ಇಟ್ಯಾ?"