ಗಂಟಲು ಸೋತಾಗ ಹೊಟ್ಟೆಗೊಂದು ದಾರಿ

ಬಾಯಿ, ಗಂಟಲಿನ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಸಾಮಾನ್ಯವಾಗಿ ಆರೇಳು ವಾರ ನಡೆಯುತ್ತದೆ. ನಮ್ಮ ಜನ ಅದನ್ನು ‘ಕರೆಂಟ್ ಕೊಡೋದು’ ಅನ್ನುತ್ತಾರೆ. ಮೊದಮೊದಲು ಅನ್ನ, ಸಾರು ಹೇಗೋ ಇಳಿಯುತ್ತದೆ. ಮೂರನೇ ವಾರದ ಹೊತ್ತಿಗೆ ಬಾಯಿ ತುಂಬ ಹುಣ್ಣು, ಎಂಜಲು ನುಂಗಿದರೂ ಉರಿ. ಆಗ ವೈದ್ಯರು ‘ಟ್ಯೂಬ್ ಹಾಕೋಣ’ ಎಂದರೆ ಮನೆಯವರ ಎದೆ ಧಸಕ್ಕೆನ್ನುತ್ತದೆ. ಟ್ಯೂಬ್ ಬಂತೆಂದರೆ ಕೊನೆಗಾಲ ಬಂತು ಎಂಬ ಭಯ ಅಷ್ಟು ಆಳವಾಗಿದೆ. ಆದರೆ ಆಹಾರ ಉಣಿಸುವ ಈ ಕೊಳವೆಯ ಚರಿತ್ರೆಯೇ ಬೇರೆ.

ಹದಿನೆಂಟನೇ ಶತಮಾನದ ಕೊನೆಯಲ್ಲಿ ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್, ನುಂಗಲಾಗದ ರೋಗಿಯೊಬ್ಬರಿಗೆ ಹಾವುಮೀನಿನ ಚರ್ಮದಿಂದ ಮಾಡಿದ ನಳಿಕೆಯಲ್ಲಿ ಆಹಾರ ಕೊಟ್ಟರು, ರೋಗಿ ಚೇತರಿಸಿಕೊಂಡರು. ಹೊಟ್ಟೆಯನ್ನೇ ಕೊಯ್ದು ದಾರಿ ಮಾಡುವ ಪ್ರಯತ್ನ 1849ರಲ್ಲಿ ಸ್ಟ್ರಾಸ್‌ಬರ್ಗ್‌ನ ಶಸ್ತ್ರವೈದ್ಯ ಸೆಡಿಯೊ ಅವರದು. ಅವರ ರೋಗಿ ಉಳಿಯಲಿಲ್ಲ. 1876ರಲ್ಲಿ ಪ್ಯಾರಿಸ್ಸಿನ ವೆರ್ನ್ಯೂಯಿ ಅವರ ರೋಗಿ ಬದುಕಿದ ಮೇಲೆಯೇ ಆ ಶಸ್ತ್ರಕ್ರಿಯೆಯ ಮೇಲೆ ನಂಬಿಕೆ ಕುದುರತೊಡಗಿತು.

ನಮ್ಮ ಆಸ್ಪತ್ರೆಗಳಲ್ಲಿ ಮೂಗಿನಿಂದ ಇಳಿಸುವ ನಳಿಕೆಗೆ ಇಂದಿಗೂ ‘ರೈಲ್ಸ್ ಟ್ಯೂಬ್’ ಎಂದೇ ಹೆಸರು. ಜಾನ್ ರೈಲ್ ಎಂಬ ಬ್ರಿಟಿಷ್ ವೈದ್ಯ 1921ರಲ್ಲಿ ಅದನ್ನು ರೂಪಿಸಿದ್ದು ಜಠರದ ರಸವನ್ನು ಹೊರತೆಗೆದು ಪರೀಕ್ಷಿಸಲಿಕ್ಕೆ. ಹೊರತೆಗೆಯಲು ಹುಟ್ಟಿದ ಕೊಳವೆ ಒಳಗೆ ಉಣಿಸುವ ಸಾಧನವಾಯಿತು.

ದೊಡ್ಡ ತಿರುವು ಬಂದದ್ದು ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ. ಅದನ್ನು ತಂದವರು ಮಕ್ಕಳ ಶಸ್ತ್ರವೈದ್ಯ ಮೈಕೆಲ್ ಗಾಡರರ್ ಮತ್ತು ಎಂಡೋಸ್ಕೋಪಿ ತಜ್ಞ ಜೆಫ್ರಿ ಪಾನ್‌ಸ್ಕಿ. ಎಳೆಯ ಮಗುವಿನ ಜಠರಕ್ಕೆ ಎಂಡೋಸ್ಕೋಪ್ ಇಳಿಸಿದಾಗ ಅದರ ದೀಪದ ಬೆಳಕು ಹೊಟ್ಟೆಯ ಚರ್ಮದಾಚೆಗೂ ಹೊಳೆಯುವುದನ್ನು ಅವರು ಗಮನಿಸಿದ್ದರು. ಬೆಳಕು ಕಾಣುವಲ್ಲಿ ಜಠರವೂ ಹೊಟ್ಟೆಯ ಗೋಡೆಯೂ ಒಂದಕ್ಕೊಂದು ತಾಗಿಕೊಂಡಿವೆ ಎಂದರ್ಥ. ಹೊಟ್ಟೆ ಕೊಯ್ಯುವ ಅಗತ್ಯವೇ ಇಲ್ಲ! ಅಲ್ಲಿ ಸೂಜಿ ಚುಚ್ಚಿ ದಾರ ಬಿಟ್ಟರು, ದಾರವನ್ನು ಬಾಯಿಯಿಂದ ಹೊರಗೆಳೆದರು, ಅದಕ್ಕೆ ಕೊಳವೆ ಕಟ್ಟಿ ಬಾಯಿಂದ ಜಠರಕ್ಕೆ, ಜಠರದಿಂದ ಚರ್ಮದಾಚೆಗೆ ಎಳೆದುಕೊಂಡರು. ಅಣಬೆಯಾಕಾರದ ತುದಿ ಒಳಗೇ ಕಚ್ಚಿ ನಿಂತಿತು. 1979ರ ಜೂನ್‌ನಲ್ಲಿ ಹೀಗೆ ಕೊಳವೆ ಪಡೆದದ್ದು ಐದು ತಿಂಗಳೂ ತುಂಬದ ಒಂದು ಕೂಸು. ‘ಪೆಗ್’ ಎಂದು ಇಂದು ಕರೆಯುವುದು ಇದನ್ನೇ. ಬೆಳೆಯಬೇಕಾದ ಮಗುವಿಗಾಗಿ ಹುಟ್ಟಿದ ಸಾಧನವನ್ನು ಸಾವಿನ ಗುರುತೆಂದು ಕಾಣುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಹಾಗೆಂದು ಎಲ್ಲರಿಗೂ ಪೆಗ್ ಬೇಕೆಂದಲ್ಲ. ನಾಲ್ಕಾರು ವಾರದ ಮಾತಾದರೆ ಮೂಗಿನ ನಳಿಕೆ ಸಾಕಾಗಬಹುದು. ಅದಕ್ಕಿಂತ ಹೆಚ್ಚಾದರೆ ಪೆಗ್ ಹಿತ. ಚಿಕಿತ್ಸೆಗೆ ಮೊದಲೇ ಹಾಕಿಸಬೇಕೋ ನುಂಗಲಾಗದ ಮೇಲೋ ಎಂಬಲ್ಲಿ ವೈದ್ಯರಲ್ಲೇ ಒಮ್ಮತವಿಲ್ಲ. ಮೊದಲೇ ಹಾಕಿಸಿದರೆ ತೂಕ ಇಳಿಯುವುದಕ್ಕೆ ತಡೆ ಬೀಳುತ್ತದೆ. ನಿತ್ರಾಣದಿಂದ ಕರೆಂಟ್ ನಡುವೆ ನಿಲ್ಲುವ ಅಪಾಯವೂ ತಗ್ಗುತ್ತದೆ. ಹೀಗೆ ನಿಂತರೆ ಕ್ಯಾನ್ಸರಿಗೇ ಲಾಭ. ಆದರೆ ಕೊಳವೆಯ ಸುತ್ತ ಸೋಂಕು, ಸೋರಿಕೆ ಆಗಬಹುದು. ಅದಕ್ಕಿಂತ ದೊಡ್ಡ ತೊಡಕು, ಬಾಯಿಂದ ಉಣ್ಣುವುದನ್ನೇ ಬಿಟ್ಟರೆ ನುಂಗುವ ಸ್ನಾಯುಗಳು ಸೊರಗುತ್ತವೆ. ಆಮೇಲೆ ಮತ್ತೆ ಕಲಿಯುವುದು ಬಲು ಕಷ್ಟ.

ಮನೆಯಲ್ಲಿ ಉಣಿಸುವುದು ಕಲಿಯಬಹುದಾದ ಕೆಲಸ. ರೋಗಿಯನ್ನು ಒರಗಿಸಿ ಕೂರಿಸಿ, ಮೊದಲು ನೀರು. ರಾಗಿ ಗಂಜಿಯನ್ನು ತೆಳ್ಳಗೆ ಮಾಡಿ ಬಟ್ಟೆಯಲ್ಲಿ ಸೋಸದಿದ್ದರೆ ಕೊಳವೆ ಕಟ್ಟಿಕೊಳ್ಳಬಹುದು. ಸಿರಿಂಜನ್ನು ಎತ್ತಿ ಹಿಡಿದರೆ ಗಂಜಿ ತಾನಾಗಿ ಇಳಿಯುತ್ತದೆ, ಒತ್ತಬಾರದು. ಕೊನೆಗೆ ಮತ್ತೆ ನೀರು. ಉಂಡ ತಕ್ಷಣ ಮಲಗಿಸುವಂತಿಲ್ಲ.

ಗುಟ್ಕಾ, ಎಲೆಯಡಿಕೆ, ತಂಬಾಕಿನ ಈ ನಾಡಿನಲ್ಲಿ ಕೊಳವೆಯ ಪ್ರಶ್ನೆ ಎದುರಾಗದ ಊರಿಲ್ಲ. ಮೂರನೇ ವಾರದ ಗಾಬರಿಯಲ್ಲಿ ನಿರ್ಧರಿಸಬೇಡಿ. ಕರೆಂಟ್ ಶುರುವಾಗುವ ಮೊದಲೇ ವೈದ್ಯರನ್ನೂ ಆಹಾರ ತಜ್ಞರನ್ನೂ ಕೇಳಿ: ನಮಗೆ ಕೊಳವೆ ಬೇಕಾದೀತೆ, ಯಾವುದು, ಎಷ್ಟು ದಿನ? ಹಾಕಿಸಿಕೊಂಡರೂ ಆಗುವಷ್ಟು ದಿನ, ತಜ್ಞರು ಬೇಡವೆನ್ನದಿದ್ದರೆ, ದಿನಾ ಒಂದೆರಡು ಗುಟುಕಾದರೂ ನುಂಗುವುದನ್ನು ಬಿಡಬೇಡಿ. ಬೇಡವಾದಾಗ ಕೊಳವೆ ತೆಗೆಯುತ್ತಾರೆ. ರಂಧ್ರ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ತಾನಾಗಿ ಮುಚ್ಚಿಕೊಳ್ಳುತ್ತದೆ.