ಒಂದೊಂದು ಬಣ್ಣಕ್ಕೆ ಒಂದೊಂದು ಗುಣ

ನೇರಳೆ ಹಣ್ಣು ತಿಂದು ಕನ್ನಡಿ ಮುಂದೆ ನಾಲಿಗೆ ಚಾಚಿ ನೋಡಿದ್ದೀರಾ? ನೀಲಿ ನೀಲಿ! ಆ ಬಣ್ಣದ ಹೆಸರು ಆಂಥೋಸಯಾನಿನ್. ಬಿಸಿಲಿನ ಹೊಡೆತ ತಾಳೋಕೆ ಗಿಡಗಳೇ ತಯಾರಿಸಿಕೊಳ್ಳೋ ಆಂಟಿಆಕ್ಸಿಡೆಂಟ್ ಅದು.

ಈಗ ಪಪ್ಪಾಯಿ ಹೆಚ್ಚಿ. ಕಪ್ಪು ಬೀಜ ತೆಗೆದರೆ ಒಳಗೆಲ್ಲ ಕೇಸರಿ. ಅದರಲ್ಲಿರೋ ಬೀಟಾ ಕೆರೋಟಿನ್ ನಮ್ಮ ದೇಹದಲ್ಲಿ ವಿಟಮಿನ್ ಎ ಆಗುತ್ತೆ. ಮಬ್ಬುಗತ್ತಲಲ್ಲಿ ಕಣ್ಣು ಚೆನ್ನಾಗಿ ಕಾಣೋಕೆ ಅದು ಬೇಕೇ ಬೇಕು.

ಕಲ್ಲಂಗಡಿ, ಕೆಂಪು ತಿರುಳಿನ ಸೀಬೆ? ಎರಡರ ಕೆಂಪೂ ಲೈಕೋಪೀನ್. ಟೊಮೆಟೊ ಬಣ್ಣವೂ ಅದೇ.

ಬಿಳಿ ಹಣ್ಣು ಅಂತ ಕಡೆಗಣಿಸಬೇಡಿ. ಬಿಳಿ ಸೀಬೆಯಲ್ಲಿ ಕಿತ್ತಳೆಗಿಂತ ಹೆಚ್ಚು ವಿಟಮಿನ್ ಸಿ ಇದೆ. ಬಾಳೆಹಣ್ಣಲ್ಲಿ ಪೊಟ್ಯಾಸಿಯಂ ಇದೆ.

ಒಂದೇ ಹಣ್ಣು ಎಲ್ಲವನ್ನೂ ಕೊಡಲ್ಲ. ಅದಕ್ಕೇ ಬಣ್ಣ ಬದಲಾಯಿಸುತ್ತಾ ತಿನ್ನಿ. ಎಷ್ಟು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗಸೂಚಿ ಪ್ರಕಾರ ದಿನಕ್ಕೆ 100 ಗ್ರಾಂ. ಅಂದರೆ ಹೆಚ್ಚುಕಮ್ಮಿ ಒಂದು ಸೀಬೆಹಣ್ಣು, ಅಷ್ಟೇ.

ಜ್ಯೂಸ್ ಮಾಡಿ ಸೋಸಿದರೆ ನಾರು ಹೋಗುತ್ತೆ. ಹಣ್ಣನ್ನೇ ಕಚ್ಚಿ, ಅಗಿದು ತಿನ್ನಿ. ಇವತ್ತು ಪಪ್ಪಾಯಿ, ನಾಳೆ ಸೀಬೆ, ಮಳೆ ಶುರುವಾದರೆ ನೇರಳೆ.

ನಿಮ್ಮ ಮನೆಯಲ್ಲಿ ಇವತ್ತು ಯಾವ ಬಣ್ಣ?