ದೂರದ ಗಣಕದೊಡನೆ ಸಂಭಾಷಣೆ

ಪಹಣಿಗಾಗಿ ಕಿಂಡಿಯ ಮುಂದೆ ನಿಂತ ರೈತನಿಗೆ ಒಮ್ಮೊಮ್ಮೆ "ಸರ್ವರ್ ಬಿಸಿ" ಎಂಬ ಉತ್ತರ ದೊರೆಯುವುದುಂಟು. (ಯಂತ್ರ ಕಾದಿದೆಯೆಂದು ಆತ ಭಾವಿಸಿದರೆ ಅದು ಅವನ ತಪ್ಪಲ್ಲ.) ಒಂದು ದಿನದ ಕೆಲಸ ಬಿಟ್ಟು ಹಳ್ಳಿಯಿಂದ ಹೊಸದುರ್ಗಕ್ಕೆ ಬಂದವನಿಗೆ ಈ ನಷ್ಟ ಸಣ್ಣದಲ್ಲ. ಆದರೆ ಎಷ್ಟೋ ವೇಳೆ ಬಿಡುವಿಲ್ಲದಿರುವುದು ಗಣಕಕ್ಕಲ್ಲ. ಮೇಜಿನ ಮೇಲಿನ ಯಂತ್ರಕ್ಕೂ ದೂರದ ದೊಡ್ಡ ಗಣಕಕ್ಕೂ ನಡೆಯುವ ಸಂಭಾಷಣೆಯೇ ತಡವರಿಸುತ್ತಿರುತ್ತದೆ. ಈ ಸಂಭಾಷಣೆಯ ಕಟ್ಟಳೆಗಳಿಗೆ ಪ್ರೊಟೊಕಾಲ್ ಎಂದು ಹೆಸರು. ಯಾವ ದಾರಿಗೆ ಯಾವ ಕಟ್ಟಳೆ ತಕ್ಕುದೆಂಬುದನ್ನು ವಿಚಾರಮಾಡೋಣ.

೧೯೮೦ರ ದಶಕದ ಉತ್ತರಾರ್ಧದಲ್ಲಿ ರಾಷ್ಟ್ರೀಯ ಮಾಹಿತಿ ಕೇಂದ್ರವು ನಿಕ್‌ನೆಟ್ ಎಂಬ ಜಾಲವನ್ನು ಹರಡಿ, ಚಿತ್ರದುರ್ಗದಂಥ ಜಿಲ್ಲಾ ಕೇಂದ್ರಗಳನ್ನು ಕೃತಕ ಉಪಗ್ರಹದ ಮೂಲಕ ದೆಹಲಿಯೊಡನೆ ಬೆಸೆಯಲು ತೊಡಗಿತು. ಇಂಥ ಉಪಗ್ರಹವು ಭೂಮಧ್ಯರೇಖೆಯ ಮೇಲೆ ಸುಮಾರು ೩೬,೦೦೦ ಕಿ.ಮೀ. ಎತ್ತರದಲ್ಲಿರುತ್ತದೆ. ಸಂದೇಶ ಏರಿ ಇಳಿಯಲು ೭೨,೦೦೦ ಕಿ.ಮೀ. ಸಾಗಬೇಕು. ಬೆಳಕಿನ ವೇಗ ಸೆಕೆಂಡಿಗೆ ೩ ಲಕ್ಷ ಕಿ.ಮೀ. ಆದ್ದರಿಂದ ಇದಕ್ಕೆ ೦.೨೪ ಸೆಕೆಂಡು ಬೇಕು. ಪ್ರಶ್ನೆಗೆ ಉತ್ತರ ಮರಳಲು ೦.೪೮ ಸೆಕೆಂಡು. ಯಾವ ಯಂತ್ರಶಿಲ್ಪಿಯೂ ಇದನ್ನು ಕಡಿಮೆಮಾಡಲಾರ.

ಕೆಲವು ಕಟ್ಟಳೆಗಳಲ್ಲಿ ನಾವು ಒತ್ತಿದ ಅಕ್ಷರವು ದೊಡ್ಡ ಗಣಕಕ್ಕೆ ಹೋಗಿ ಮರಳಿದ ಮೇಲೆಯೇ ತೆರೆಯಲ್ಲಿ ಮೂಡುತ್ತದೆ. ಒಂದೇ ಕಟ್ಟಡದೊಳಗೆ ಇದು ಸೊಗಸು. ಉಪಗ್ರಹದ ದಾರಿಯಲ್ಲಾದರೋ, ಒಂದೊಂದು ಅಕ್ಷರವನ್ನೂ ಕಾದು ಬರೆಯುವವನಿಗೆ ೪೦ ಅಕ್ಷರಗಳ ಒಂದು ಸಾಲಿಗೆ ೧೯ ಸೆಕೆಂಡು ಕಾಯುವಿಕೆಯಲ್ಲೇ ಕಳೆಯುತ್ತದೆ. ೧೯೭೧ರಲ್ಲಿ ಬಂದ ಐಬಿಎಂ ೩೨೭೦ ಬಗೆಯ ಯಂತ್ರಗಳು ಬೇರೆ ಮಾರ್ಗ ಹಿಡಿದವು: ಇಡೀ ತೆರೆಯನ್ನು ಸ್ಥಳದಲ್ಲಿಯೇ ತುಂಬಿ ಒಮ್ಮೆಗೇ ಕಳುಹಿಸುವುದು. ಆಗ ಕಾಯಬೇಕಾದುದು ಒಂದೇ ಸಲ.

ಸಂದೇಶವು ಕೆಡದೆ ತಲುಪಿತೆಂಬ ರಸೀದಿಯ ಪ್ರಶ್ನೆ ಇದಕ್ಕಿಂತ ಸ್ವಾರಸ್ಯವಾದುದು. ಸೆಕೆಂಡಿಗೆ ೯,೬೦೦ ಬಿಟ್ ಸಾಗಿಸುವ ದಾರಿಯಲ್ಲಿ ೯೬೦ ಬಿಟ್‌ಗಳ ಒಂದು ಕಂತೆಯನ್ನು ಕಳುಹಿಸಲು ೦.೧ ಸೆಕೆಂಡು ಸಾಕು. ರಸೀದಿಗೆ ಕಾಯುವುದು ಮಾತ್ರ ೦.೪೮ ಸೆಕೆಂಡು! ದಾರಿಯ ಆರನೆಯ ಒಂದು ಪಾಲಷ್ಟೇ ದುಡಿಯಿತು. ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರದಿಂದ ಕಾಲುವೆಗೆ ಒಂದು ಕೊಡ ನೀರು ಬಿಟ್ಟು, ಅದು ಗದ್ದೆ ಸೇರಿದ ಸುದ್ದಿ ಬಂದ ಮೇಲೆ ಇನ್ನೊಂದು ಕೊಡ ಬಿಟ್ಟಂತೆ. ರಸೀದಿಗೆ ಕಾಯದೆ ಆರು ಕಂತೆಗಳನ್ನು ಬೆನ್ನುಬೆನ್ನಿಗೆ ಕಳುಹಿಸಿದರೆ ಕಾಲುವೆ ತುಂಬಿ ಹರಿಯುತ್ತದೆ. ಕಂತೆಗಳಿಗೆ ಕ್ರಮಸಂಖ್ಯೆ ಬೇಕಾಗುವುದು ಇದಕ್ಕಾಗಿಯೇ. ರಸೀದಿ ದಾರಿಯಲ್ಲಿ ಕಳೆದುಹೋಗಿ ಅದೇ ಕಂತೆ ಮತ್ತೆ ಬಂದರೂ, ಸಂಖ್ಯೆಯನ್ನು ನೋಡಿ ಗಣಕವು ಅದನ್ನು ತಳ್ಳಿಹಾಕುತ್ತದೆ. ಇಲ್ಲದಿದ್ದರೆ ರೈತನ ಸಾಲ ಎರಡು ಬಾರಿ ದಾಖಲಾದೀತು.

ತಪ್ಪನ್ನು ಹಿಡಿಯುವವರು ಯಾರು? ೧೯೭೬ರ ಎಕ್ಸ್.೨೫ ಕಟ್ಟಳೆಯಲ್ಲಿ ದಾರಿಯ ಪ್ರತಿಯೊಂದು ನಿಲ್ದಾಣವೂ ಪರೀಕ್ಷಿಸುತ್ತದೆ. ಸದ್ದುಗದ್ದಲದ ತಾಮ್ರದ ತಂತಿಗೆ ಇದೇ ಯೋಗ್ಯ. ಟಿಸಿಪಿ-ಐಪಿ ಕಟ್ಟಳೆಯಲ್ಲಿಯಾದರೋ ಕಳೆದ ಕಂತೆಯನ್ನು ಮತ್ತೆ ಕಳುಹಿಸುವ ಹೊಣೆ ಎರಡು ತುದಿಗಳದು. ಅಮೆರಿಕದ ಅರ್ಪಾನೆಟ್ ಜಾಲವು ೧೯೮೩ರ ಜನವರಿ ೧ರಂದು ಇದಕ್ಕೆ ಬದಲಾಯಿತು. ತಪ್ಪುಗಳು ವಿರಳವಾದ ಗಾಜಿನ ಎಳೆಯ ಕೇಬಲ್ಲಿಗೆ ಇದು ಸಾಲುತ್ತದೆ. ೧೯೭೪ರಲ್ಲಿ ಐಬಿಎಂ ತಂದ ಎಸ್ಎನ್ಎ ಸಮರ್ಥವಾದುದೇ. ಆದರೆ ಒಬ್ಬ ತಯಾರಕನ ಕಟ್ಟಳೆಯನ್ನು ನೆಚ್ಚಿದ ಕಚೇರಿಯು ಮುಂದೆ ಬೇರೊಬ್ಬನ ಯಂತ್ರ ಕೊಳ್ಳುವಾಗ ಪಡುವ ಪಾಡನ್ನು ನೆನೆದರೆ, ಎಲ್ಲರಿಗೂ ತೆರೆದ ಕಟ್ಟಳೆಯೇ ಮೇಲೆಂದು ನಮಗೆ ತೋರುತ್ತದೆ.

೨೦೦೦ದ ಸುಮಾರಿಗೆ "ಭೂಮಿ" ಯೋಜನೆಯು ಪಹಣಿಗಳನ್ನು ಆಯಾ ತಾಲ್ಲೂಕು ಕಚೇರಿಯ ಗಣಕದಲ್ಲಿಯೇ ಇರಿಸಿತು. ದೂರದ ಮಾತುಕತೆಯ ತೊಡಕೇ ಇರಲಿಲ್ಲ. ಅನಂತರ ದಾಖಲೆಗಳು ಬೆಂಗಳೂರಿನ ದತ್ತಾಂಶ ಕೇಂದ್ರಕ್ಕೆ ಸೇರಿ, ತಾಲ್ಲೂಕುಗಳು ರಾಜ್ಯದ ಜಾಲದ ಮೂಲಕ ಅದನ್ನು ಕೇಳುವಂತಾಯಿತು. ಇನ್ನೂರು ಕಿ.ಮೀ. ಗಾಜಿನ ಎಳೆಯಲ್ಲಿ ಹೋಗಿಬರಲು ಬೆಳಕಿಗೆ ಸುಮಾರು ೦.೦೦೨ ಸೆಕೆಂಡು ಸಾಕು. ರಸ್ತೆ ಅಗೆಯುವ ಯಂತ್ರವು ಕೇಬಲ್ಲನ್ನು ಕಡಿದರೆ, ಬೇರೆ ದಾರಿಯಿದ್ದಾಗ ಐಪಿ ಕಂತೆಗಳು ಅದನ್ನು ಹಿಡಿದು ಸಾಗಬಲ್ಲವು. ಹೊಳಲ್ಕೆರೆಗೆ ಆ ಎರಡನೆಯ ಕೇಬಲ್ ಇಲ್ಲದಿದ್ದರೆ, ತುಂಡಾದ ಎಳೆಯನ್ನು ಬೆಸೆಯುವವರೆಗೂ ಕಿಂಡಿಯ ಮುಂದಿನ ಸಾಲು ಕಾಯಬೇಕು.